ಉಸಿರಿನ ನರ

ಅಕ್ಕುತಾಯಿ ಭರತನ ಕೊರಳಿಗೆ ಎರಡೂ ಕೈ ಹಾಕಿ ಜಗ್ಗಿದಳು. ಅವನು ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ, ಅಲುಗಲಿಲ್ಲ.

"ಅಳಲೇ! ಒಡಹುಟ್ಟಿದಾಂವ ಹೋಗ್ಯಾನ. ಒಂದ ಹನಿ ನೀರ ತಗೀಲೇ ಕಣ್ಣಾಗಿಂದ. ಒಳಗ ಇಟ್ಕೊಂಡ್ರ ಎದಿ ಒಡದ ಸಾಯ್ತಿ."

ಬೇಡಕಿಹಾಳದಿಂದ ಬಂದ ಈ ಸೋದರತ್ತೆಗೆ ಸಾವಿನ ಮನೆಯಲ್ಲಿ ಅದೇ ಕೆಲಸ. ಅಳದವರನ್ನು ಹುಡುಕುವುದು, ಕೊರಳಿಗೆ ಬೀಳುವುದು, ಹಾಡಿ ಹಾಡಿ ಅಳಿಸುವುದು. ಅಳದೆ ಹೆಣ ಕಳಿಸಿದವರ ಎದೆಯಲ್ಲಿ ದುಃಖ ಗಂಟು ಕಟ್ಟುತ್ತದೆ ಎಂದು ಅವಳು ನಂಬಿದ್ದಳು. ಬೆಳಿಗ್ಗೆ ಮಿರಜದ ಆಸ್ಪತ್ರೆಯಿಂದ ಉತ್ತಮನ ಹೆಣ ಮಂಗಸೂಳಿಗೆ ಬಂದಾಗಿನಿಂದ ಅವನ ತಾಯಿ ರುಕ್ಮವ್ವನನ್ನು ಅಳಿಸಿ ಅಳಿಸಿ ಸುಸ್ತು ಮಾಡಿದ್ದಳು. ಈಗ ತಮ್ಮನ ಸರದಿ.

"ಪುಣೇದ ದಾರಿ ಬಿಟ್ಟು ಹೊಲದ ದಾರಿ ಹಿಡದ್ಯೋ ನನ್ನಪ್ಪಾ..."

ರಾಗ ಏರಿತು. ಭರತ ಹಲ್ಲು ಕಚ್ಚಿದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ತೊಡೆಗೆ ಒತ್ತಿಕೊಂಡ.

ಉತ್ತಮನ ಹೆಂಡತಿ ಸೌಂದರ್ಯಾ ಹೆಣದ ಕಾಲ ಬಳಿ ಕುಳಿತು ಆ ಬಲಗೈಯನ್ನೇ ನೋಡುತ್ತಿದ್ದಳು. ಅವಳ ಬಳೆ ಒಡೆದಿದ್ದರು. ಅದೂ ಯಾರದೋ ಕೈಗೆ ಆದಂತಿತ್ತು.

"ಆಕಿ ಎಂ.ಎಸ್ಸಿ. ಓದ್ಯಾಳ, ಅಳವಲ್ಲಳು," ನೆರೆಮನೆಯ ಸುಂದ್ರವ್ವ ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಇಂವಗೇನಾಗೇತಿ? ಹತ್ತನೇದ ಫೇಲ್ ಆದಾಂವ."

ಚಿಕ್ಕಪ್ಪ ಲಗಮಣ್ಣ ಹೊರಗಿನಿಂದ ಬಂದ. ಕೆಂಡ ತುಂಬಿದ ಮಡಕೆಗೆ ಹಗ್ಗದ ನೆಲುವು ಕಟ್ಟುವುದು ಮುಗಿದಿತ್ತು.

"ಸೌಂದರ್ಯಾ, ಬೆಂಕಿ ಯಾರ ಹಿಡೀಬೇಕ ಹೇಳವ್ವಾ. ನಿಮಗ ಮಗಾ ಇಲ್ಲ. ಖರೇ ಅಂದ್ರ ತಮ್ಮಾನ ಹಿಡೀಬೇಕು. ಆದ್ರ ಬಲಗೈಯಾಗ ಹಿಡೀಬೇಕು, ಹೊಲಾ ಮುಟ್ಟೂತನಕ ಕೈ ಬದಲ ಮಾಡೂಹಂಗಿಲ್ಲ, ನೆಲಕ್ಕ ಇಡೂಹಂಗಿಲ್ಲ. ಇವನ ಕೈ ಹೆಂಗೈತಿ ನಿನಗೂ ಗೊತ್ತ. ನನ್ನ ಮಗಾ ಹಾಲಸಿದ್ದ ಹಿಡೀಲಿ."

"ನಾನ ಹಿಡೀತೀನ್ರಿ ಕಾಕಾ," ಎಂದ ಭರತ.

"ಹೋದ ವರ್ಷ ಮದುವ್ಯಾಗ ನಕ್ಕೋತ ಬಡಸಾಕ ಹೋಗಿ ಬೀಗರ ಮೈಮ್ಯಾಲ ಸಾರ ಚೆಲ್ಲಿದಾಂವ ನೀ. ಇದ ಸಾರ ಅಲ್ಲೋ, ಬೆಂಕಿ. ಚೆಲ್ಲಿತಂದ್ರ ಸತ್ತಾಂವ ದಾರಿ ತಪ್ಪತಾನ. ನೀ ಸಾಯೂತನಕ ಊರ ಮಂದಿ ಆಡ್ಕೋತಾರ."

ಭರತ ಬಂದು ಸೌಂದರ್ಯಾಳ ಬಳಿ ಕುಕ್ಕರುಗಾಲಲ್ಲಿ ಕುಳಿತ. ದನಿ ತಗ್ಗಿಸಿದ.

"ವೈನಿ, ಅತ್ತರ ಕೈ ಏಳ್ತೈತಿ. ನಿಮಗ ಗೊತ್ತೈತಲ್ಲ. ಹೊಲಾ ಮುಟ್ಟೂತನಕ ಅಳೂದಿಲ್ಲ ನಾ. ನೀವ ಹೂಂ ಅನ್ರಿ."

ಆ ಕೈಯ ಗುಟ್ಟು ತಿಳಿದವರು ಮೂವರೇ. ಒಬ್ಬ ಬಿಳಿ ಬಟ್ಟೆಯೊಳಗೆ ಮಲಗಿದ್ದ.

"ಭರತನ ಹಿಡೀಲಿ," ಎಂದಳು ಸೌಂದರ್ಯಾ.

"ಚೆಲ್ಲಿದ್ರ?"

"ನನ್ನ ಮ್ಯಾಲ ಹಾಕ್ರಿ."

*

ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರಾಲಿಗೆ ಭರತನ ಬೈಕು ಹೊಡೆದದ್ದು ಕಾಗವಾಡದ ರಸ್ತೆಯಲ್ಲಿ, ೨೦೧೧ರ ಹಂಗಾಮಿನಲ್ಲಿ. ಜೀವ ಉಳಿಯಿತು. ಆದರೆ ಕುತ್ತಿಗೆಯಿಂದ ತೋಳಿಗೆ ಇಳಿಯುವ ಕೆಲವು ನರಗಳು ಬೇರುಸಹಿತ ಕಿತ್ತುಹೋಗಿದ್ದವು. ಬೆರಳು ಹಿಡಿಯುತ್ತಿದ್ದವು, ಮೊಣಕೈ ಮಡಚುತ್ತಿರಲಿಲ್ಲ.

ಉತ್ತಮ ಪುಣೆಯ ಪ್ರಯೋಗಾಲಯದಲ್ಲಿ ಇದನ್ನೇ ನೋಡುತ್ತಿದ್ದ. ಕತ್ತರಿಸಿದ ನರದ ತುದಿ ಮತ್ತೆ ಹೇಗೆ ಬೆಳೆಯುತ್ತದೆ, ಹೊಸ ಸ್ನಾಯುವನ್ನು ಹುಡುಕಿಕೊಂಡು ಹೋಗಿ ಹೇಗೆ ಬೆಸೆದುಕೊಳ್ಳುತ್ತದೆ ಎಂದು. ಇಲಿಗಳಲ್ಲಿ. ಊರಿನಲ್ಲಿ ಅವನಿಗೆ ಇಲಿ ಸಾಹೇಬ ಎಂದು ಹೆಸರು. "ನಾವ ಹೊಲದಾಗ ಇಲಿಗೆ ಔಷಧ ಇಟ್ಟ ಕೊಲ್ಲತೀವಿ, ಇಂವ ಪಗಾರ ತಗೊಂಡ ಸಾಕತಾನ," ಎಂದು ಲಗಮಣ್ಣ ನಗುತ್ತಿದ್ದ. ಉತ್ತಮನೂ ನಗುತ್ತಿದ್ದ.

ತಮ್ಮನನ್ನು ಪುಣೆಗೆ ಒಯ್ದ. ಅಲ್ಲಿಯ ಡಾಕ್ಟರರು ಪಕ್ಕೆಲುಬಿನ ನಡುವಿನಿಂದ, ಉಸಿರಾಟಕ್ಕೆಂದು ಇದ್ದ ಒಂದು ನರ ತೆಗೆದು ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸಿದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಒಂದು ಸಂಜೆ ಊಟ ಮಾಡುವಾಗ ಭರತನ ಗಂಟಲಿಗೆ ಖಾರ ಹತ್ತಿತು. ಕೆಮ್ಮಿದ. ತೊಡೆಯ ಮೇಲಿದ್ದ ಬಲಗೈ ತಾನಾಗಿ ಎದ್ದು ತಾಟಿನ ಅಂಚಿಗೆ ಬಡಿಯಿತು. ಅನ್ನ ಸೌಂದರ್ಯಾಳ ಸೀರೆಯ ಮೇಲೆ ಬಿತ್ತು.

ಉತ್ತಮ ಎಂಜಲು ಕೈಯಲ್ಲೇ ಎದ್ದು ನಿಂತ. "ಮತ್ತ ಕೆಮ್ಮ."

ಕೈ ಮತ್ತೆ ಎದ್ದಿತು.

"ಅಣ್ಣಾ, ಇದೆಂಥಾ ಕೈ ಕೊಟ್ಟಿ?" ಎಂದ ಭರತ. "ಸೀನಿದ್ರ ಸಲಾಮ ಹೊಡೀತೈತಿ."

"ನರ ಹೋಗಿ ಕೈ ಮುಟ್ಟೇತಿ. ಆದ್ರ ಮಿದುಳಿಗೆ ಅದ ಇನ್ನೂ ಉಸಿರಿನ ನರಾನ. ನೀ ಉಸರ ಎಳದ್ರ ಕೈ ಎಳೀತೈತಿ. ಓಡಾಡಿ ಓಡಾಡಿ ಹೊಸಾ ದಾರಿ ಬೀಳಬೇಕು. ಆಮ್ಯಾಲ ಕೈ ಬ್ಯಾರೆ, ಉಸರ ಬ್ಯಾರೆ."

"ಯಾವಾಗ?"

"ಇಲಿ ಹೇಳೂದಿಲ್ಲ. ನಿನ್ನ ನೋಡೇ ಕಲೀಬೇಕು."

ಅಂದಿನಿಂದ ಊರಿಗೆ ಹೋದ ತಮ್ಮನಿಗೆ ಪ್ರತಿ ರವಿವಾರ ಉತ್ತಮನ ಫೋನು. ಕೆಮ್ಮಿ ನೋಡು. ಮೊದಮೊದಲು ಭರತ ಕೆಮ್ಮಿ ನೋಡಿ ಹೇಳುತ್ತಿದ್ದ. ವರ್ಷ ಕಳೆಯಿತು, ಬೇಸರ ಬಂತು. ಮನಸ್ಸು ಮಾಡಿದರೆ ಕೈ ಮಡಚುತ್ತಿತ್ತು, ತೋಟದ ಕೆಲಸಕ್ಕೆ ಅಷ್ಟು ಸಾಕಿತ್ತು. ಈಚೆಗೆ ಫೋನು ಬಂದರೆ ಕೆಮ್ಮದೆಯೇ "ಹಂಗ ಐತಿ ಅಣ್ಣಾ" ಎಂದುಬಿಡುತ್ತಿದ್ದ. ಉತ್ತಮ "ಇರಲಿ, ಬರ್ತೈತಿ" ಎನ್ನುತ್ತಿದ್ದ.

ಈ ಸಲ ಊರಿಗೆ ಬಂದ ಉತ್ತಮನಿಗೆ ಡೆಂಗ್ಯೂ ಆಯಿತು. ಮಿರಜಕ್ಕೆ ಸೇರಿಸಿದಾಗ ಅವನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

*

ಭರತ ಮುಂದೆ ನಡೆದ. ಬಲಗೈ ನೇರ ಕೆಳಗೆ, ಅದರ ತುದಿಗೆ ನೆಲುವು, ನೆಲುವಿನಲ್ಲಿ ಮಡಕೆ. ಸಣ್ಣಗೆ ಹೊಗೆ. ಅವನು ಬಾಯಿ ಮುಚ್ಚಿ, ಮೂಗಿನಿಂದ ಚೂರು ಚೂರೇ ಉಸಿರೆಳೆಯುತ್ತಿದ್ದ. ಪಕ್ಕದಲ್ಲಿ ಹಾಲಸಿದ್ದ, ಅಪ್ಪ ಹೇಳಿದಂತೆ, ಎರಡೂ ಕೈ ಅರ್ಧ ಚಾಚಿಕೊಂಡೇ ನಡೆಯುತ್ತಿದ್ದ. ದಹನ ತಮ್ಮದೇ ದ್ರಾಕ್ಷಿ ತೋಟದ ಆಚೆಯ ಖಾಲಿ ಹೊಲದಲ್ಲಿ. ತೋಟದ ಅಂಚಿನವರೆಗೆ ಹೆಂಗಸರೂ ಬಂದರು.

ಅಲ್ಲಿ ಚಟ್ಟ ಇಳಿಸಿ, ಹೊತ್ತವರು ಹಿಂದುಮುಂದು ಬದಲಾದರು. ಭರತ ಮಡಕೆ ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಅಕ್ಕುತಾಯಿ ಜನರ ನಡುವಿನಿಂದ ನುಗ್ಗಿ ಅವನೆದುರು ಬಂದಳು. ಎರಡೂ ಅಂಗೈಯಲ್ಲಿ ಅವನ ಮುಖ ಹಿಡಿದಳು. ಈ ಸಲ ಹಾಡಲಿಲ್ಲ.

"ನಿನಗ ಕಾಲಾಗ ಮುಳ್ಳ ನಟ್ಟಾಗ ಉತ್ತಮ ಬೆನ್ನ ಮ್ಯಾಲ ಹೊತ್ಕೊಂಡ ಸಾಲಿಗೆ ಒಯ್ತಿದ್ನಲ್ಲೋ. ತಾನ ಬರಿಗಾಲಾಗ."

ಭರತನ ಗದ್ದ ನಡುಗಿತು. ಕೊರಳ ನರ ಉಬ್ಬಿತು. ಹಾಲಸಿದ್ದ ಮಡಕೆಯ ಕೆಳಗೆ ಕೈ ಒಡ್ಡಿದ.

ಸೌಂದರ್ಯಾ ಓಡಿಬಂದಳು. "ಅತ್ತಿ, ಬಿಡ್ರಿ ಅವನ್ನ."

"ಯಾಕ ಬಿಡ್ಲಿ? ಇಬ್ರೂ ಕಲ್ಲಾಗೀರಿ ನೀವು!"

ಸೌಂದರ್ಯಾಳಿಗೆ ಬೇರೆ ದಾರಿ ಹೊಳೆಯಲಿಲ್ಲ. ಅಕ್ಕುತಾಯಿಯ ಕೊರಳಿಗೆ ತಾನೇ ಬಿದ್ದಳು. ಕಣ್ಣೀರು ಬರಲಿಲ್ಲ. ದನಿಯನ್ನಷ್ಟೇ ತೆಗೆದಳು, ಗಟ್ಟಿಯಾಗಿ.

"ಅತ್ತೀ..."

"ಬಾ ನನ್ನವ್ವಾ," ಎಂದು ಅಕ್ಕುತಾಯಿ ಅವಳನ್ನು ಬಾಚಿ ತಬ್ಬಿದಳು. ಕೊನೆಗೂ ಒಬ್ಬಳು ಸಿಕ್ಕಿದ್ದಳು. ರಾಗ ಎತ್ತಿದಳು. ಚಟ್ಟ ಮೇಲೆದ್ದಿತು.

ಅಕ್ಕುತಾಯಿಯ ಭುಜದ ಮೇಲಿನಿಂದ ಸೌಂದರ್ಯಾ ನೋಡಿದಳು. ಭರತ ಹೊಲದ ಬದುವಿನ ಮೇಲೆ ಹತ್ತಿದ್ದ. ಒಬ್ಬರೇ ನಡೆಯುವಷ್ಟು ಕಿರಿದು, ಹಾಲಸಿದ್ದ ಹಿಂದುಳಿದ. ಗಾಳಿ ತಿರುಗಿತು. ಮಡಕೆಯ ಹೊಗೆ ಏಕಾಏಕಿ ಭರತನ ಮುಖಕ್ಕೆ ಬಂತು.

ಅಳುವನ್ನು ತಡೆಯಬಹುದು. ಹೊಗೆಯನ್ನು ಅಲ್ಲ. ಅವನ ಬೆನ್ನು ಬಾಗಿತು. ಕೆಮ್ಮಿದ. ಒಂದಲ್ಲ, ಮೈಯೆಲ್ಲ ಅದುರುವಂತೆ ಮೇಲಿಂದ ಮೇಲೆ.

ಸೌಂದರ್ಯಾ ಕಣ್ಣು ಮುಚ್ಚಿದಳು. ಯಾರಾದರೂ ಕೂಗುವುದನ್ನು ಕಾದಳು.

ಯಾರೂ ಕೂಗಲಿಲ್ಲ. ಕಣ್ಣು ತೆರೆದಾಗ ಅವನು ಇನ್ನೂ ಕೆಮ್ಮುತ್ತಿದ್ದ. ಭುಜ ಹಾರುತ್ತಿತ್ತು. ಮೊಣಕೈ ನೆಟ್ಟಗಿತ್ತು. ಕೈಯ ತುದಿಗೆ ಮಡಕೆ ಬಾವಿಗೆ ಬಿಟ್ಟ ಕೊಡದಂತೆ ನೇರ ತೂಗುತ್ತಿತ್ತು.

ಅವನು ಕೈ ನೋಡಿಕೊಳ್ಳಲಿಲ್ಲ. ಹೆದರಿಕೆಯಲ್ಲಿ ಮುಂದೆ ನೋಡುತ್ತಲೇ ನಡೆದುಬಿಟ್ಟ.

*

ಬೆಂಕಿ ಹತ್ತಿದ ಮೇಲೆ ಗಂಡಸರು ತೋಟದ ಪಂಪಿನ ತೊಟ್ಟಿಯಲ್ಲಿ ಸ್ನಾನ ಮಾಡಿದರು. ಲಗಮಣ್ಣ ಹೋಗುವಾಗ ಭರತನ ಹಸಿ ಬೆನ್ನು ತಟ್ಟಿದ. "ಒಂದ ಕಿಡಿ ಚೆಲ್ಲಲಿಲ್ಲ ಬಿಡು. ಇನ್ನ ಅಳೋ ತಮ್ಮಾ, ಯಾರೂ ಏನೂ ಅನ್ನೂದಿಲ್ಲ."

ಭರತ ಅಳಲಿಲ್ಲ. ತೊಟ್ಟಿಯ ಅಂಚಿನ ಮೇಲೆ ಕುಳಿತು, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಇನ್ನೂ ಹಿಡಿದೇ ಇದ್ದ. ಪೈಪಿನಿಂದ ನೀರು ಆ ಅಂಗೈಯ ಮೇಲೆ ಬೀಳುತ್ತಿತ್ತು.

ತೋಟದ ಅಂಚಿನಲ್ಲೇ ಉಳಿದಿದ್ದ ಸೌಂದರ್ಯಾ ಬಂದು ಪಂಪು ನಿಲ್ಲಿಸಿದಳು. ಸದ್ದು ನಿಂತಿತು.

"ಭರತ, ಬದುವಿನ ಮ್ಯಾಲ ಕೆಮ್ಮಿದಿ."

"ಹೂಂ ವೈನಿ. ಹೊಗಿ ಬಂತು."

"ಕೈ ಏಳಲಿಲ್ಲ."

ಅವನು ಅವಳ ಮುಖ ನೋಡಿದ. ಆಮೇಲೆ ಕೈ ನೋಡಿದ. ಎಡಗೈಯ ಹಿಡಿತ ನಿಧಾನ ಸಡಿಲಿತು.

"ಯಾವಾಗಿಂದ?" ಎಂದಳು ಸೌಂದರ್ಯಾ.

"ಗೊತ್ತಿಲ್ಲ ವೈನಿ. ಕೆಮ್ಮಿ ನೋಡೇ ಇಲ್ಲ."

ಅವನು ಹೊಲದ ಕಡೆ ತಿರುಗಿದ. ಬಳ್ಳಿಗಳ ಆಚೆ ಹೊಗೆ ಏಳುತ್ತಿತ್ತು. ಯಾರನ್ನೋ ಕೂಗಿ ಹೇಳುವವನಂತೆ ಬಾಯಿ ತೆರೆದ. ಹೆಸರು ಬರಲಿಲ್ಲ. ಒಳಗಿನಿಂದ ಬೇರೆ ಏನೋ ಒಡೆದು ಬಂತು.

ಭುಜ, ಬೆನ್ನು, ಅಂಚಿಗೆ ಊರಿದ ಎಡಗೈ ಎಲ್ಲ ಕುಲುಕುತ್ತಿದ್ದವು. ಬಲಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಅದರಲ್ಲಿ ನಿಂತಿದ್ದ ಒಂದಿಷ್ಟು ನೀರು ಚೆಲ್ಲಲಿಲ್ಲ.