ರೈನೊ ಅಂಥವನಲ್ಲ

ಶಾಲಾ ಬಸ್ಸಿನ ಕೀಲಿಕೈಯನ್ನು ವಾಪಸು ಕೊಟ್ಟ ಮೇಲೂ ಲೆಂಪಿ ಕಂಗಾಸ್‌ಗೆ ಬೆಳಗಿನ ಐದಕ್ಕೆ ಎಚ್ಚರವಾಗುವುದು ತಪ್ಪಲಿಲ್ಲ. ಮೂವತ್ತೊಂದು ವರ್ಷ ಸರೋವರದ ದಂಡೆಯ ಕೈವಾ ಬೇ ಊರಿನ ಮಕ್ಕಳನ್ನು ಹೊತ್ತು ತಿರುಗಿದ ಮೈ ಅದು, ನಿವೃತ್ತಿ ಎಂಬ ಮಾತು ಅದಕ್ಕೆ ಅರ್ಥವಾಗಿರಲಿಲ್ಲ. ಎದ್ದು ಮಾಡುವುದೇನೂ ಇಲ್ಲದ್ದರಿಂದ ಹಾಗೇ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು. ಆಗ ಅರೆನಿದ್ದೆಯಲ್ಲಿ ಬಸ್ಸು ತಾನಾಗಿಯೇ ಹೊರಡುತ್ತಿತ್ತು. ಸರೋವರದ ಕಡೆಯಿಂದ ಮಂಜು ಬಂದು ರಸ್ತೆಯನ್ನು ನುಂಗಿರುತ್ತಿತ್ತು. ಅದರೊಳಗಿಂದ ಒಂದೊಂದೇ ಮನೆ ತೇಲಿ ಬರುತ್ತಿತ್ತು. ಎಂದೋ ಬೀಗ ಬಿದ್ದ ಮನೆಗಳ ಕಿಟಕಿಯಲ್ಲೂ ದೀಪ ಉರಿಯುತ್ತಿತ್ತು. ಈಗ ಮೊಮ್ಮಕ್ಕಳನ್ನು ಕಂಡವರೆಲ್ಲ ಮತ್ತೆ ಮಕ್ಕಳಾಗಿ ಕೆಂಪು ಟೋಪಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು.

ಒಂದು ಬೆಳಗ್ಗೆ ಆ ದಾರಿಯಲ್ಲಿ, ಒಂದು ಅಂಗಳದ ಹಿಮದ ಮೇಲೆ, ಮನೆಯೊಳಕ್ಕೆ ಹೋದ ಹೆಜ್ಜೆ ಕಂಡವು. ಹೊರಗೆ ಬಂದ ಹೆಜ್ಜೆ ಇರಲಿಲ್ಲ. ಲೆಂಪಿ ಥಟ್ಟನೆ ಎದ್ದು ಕೂತಳು. ಹೋದವನು ಏನಾದ? ಕೈಗೆ ಸಿಕ್ಕ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚತೊಡಗಿದಳು. ಅಲ್ಲಿಯವರೆಗೆ ಅವಳು ಬರೆದದ್ದು ಅಂದರೆ ಕ್ರಿಸ್‌ಮಸ್ ಕಾರ್ಡು, ಮತ್ತೆ ಗಲಾಟೆ ಮಾಡಿದ ಮಕ್ಕಳ ಮೇಲಿನ ದೂರು. ಆಗ ಅವಳಿಗೆ ಅರವತ್ತಾರು.

ಎಂಟು ತಿಂಗಳಿಗೆ ಒಂದು ಪತ್ತೇದಾರಿ ಕಾದಂಬರಿಯೇ ಆಯಿತು. ಪತ್ತೆ ಮಾಡುವವಳು ಮಾರ್ತ್ತಾ ಎಂಬ ಬಸ್ ಡ್ರೈವರು, ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆಯಲ್ಲಿ ಸಾಯುವವನು ಜಿಪುಣ ಪೋಸ್ಟ್‌ಮಾಸ್ಟರು. ರಕ್ತ ಒಂದು ತೊಟ್ಟೂ ಬೀಳುವುದಿಲ್ಲ. ಊರಿನವರು ಕಾಫಿ ಕುಡಿಯುತ್ತ, ಚಾಡಿ ಹೇಳುತ್ತ, ಕೊಲೆಗಾರನನ್ನು ಹಿಡಿಯುತ್ತಾರೆ. ಮೊದಲು ಓದಿದವಳು ತೀರಿಕೊಂಡ ಅಣ್ಣನ ಹೆಂಡತಿ ಸೈಮಾ, ರಸ್ತೆಯ ಆಚೆ ಬದಿಯವಳು. ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿಕೊಂಡು ಒಂದೇ ಪಟ್ಟಿಗೆ ಓದಿ ಮುಗಿಸಿದಳು.

"ಅಲ್ಲ ಕಣೇ, ಆ ಪೋಸ್ಟ್‌ಮಾಸ್ಟರನ್ನ ಸಾಯಿಸಿದ್ದು ಸರಿ. ಆದ್ರೆ ಸೌನಾ ಮನೆ ಬಾಗಿಲಿಗೆ ಹೊರಗಡೆಯಿಂದ ಚಿಲಕ ಯಾರಾದ್ರೂ ಇಡ್ತಾರಾ? ಸ್ನಾನಕ್ಕೆ ಹೋದೋರು ಅಲ್ಲೇ ಬೆಂದು ಹೋಗ್ಲಿ ಅಂತಾನಾ?"

"ಬೆಂದು ಹೋಗ್ಲಿ ಅಂತಾನೇ."

"ಈ ಊರಲ್ಲಿ ಒಬ್ರೂ ನಂಬಲ್ಲ, ತೆಗಿ."

ಮೂರು ಅಧ್ಯಾಯ ಮತ್ತೆ ಬರೆಯಬೇಕಾಯಿತು.

ಪ್ರಕಾಶಕರಿಗೆ ಕಳಿಸಿದಳು. ಇಬ್ಬರು ಉತ್ತರ ಕೊಡಲಿಲ್ಲ, ಮೂರನೆಯವರು ಬಹಳ ಮರ್ಯಾದೆಯಿಂದ ಬೇಡ ಅಂದರು. ಲೈಬ್ರರಿ ನೋಡಿಕೊಳ್ಳುವ ನಡೀನ್, "ಅವರ ಬಾಗಿಲು ಯಾಕೆ ಕಾಯ್ತೀರಿ? ನಾವೇ ಅಚ್ಚು ಹಾಕ್ಸೋಣ ಬನ್ನಿ" ಅಂದಳು. ಇಬ್ಬರೂ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸಿದರು. ಮುಖಪುಟಕ್ಕೆ ನಡೀನ್ ತೆಗೆದಿದ್ದ, ಮಂಜಿನಲ್ಲಿ ಮುಳುಗಿದ ದೋಣಿಕಟ್ಟೆಯ ಚಿತ್ರ. ಮೊದಲ ಕರಡು ಪ್ರತಿ ಬಂದಾಗ ಅದರ ಮೇಲೆ ಅವಳ ಹೆಸರು ಲೆಂಪಿ ಹೋಗಿ ಲಾಂಪಿ ಆಗಿತ್ತು. ಅವರ ಹಿರಿಯರು ವಲಸೆ ಬರುವಾಗ ತಂದ ಫಿನ್ನಿಷ್ ನುಡಿಯಲ್ಲಿ ಲೆಂಪಿ ಅಂದರೆ ಪ್ರೀತಿ, ಲಾಂಪಿ ಅಂದರೆ ಹೊಂಡ.

"ಇರ್ಲಿ ಬಿಡು" ಅಂದಳು ಸೈಮಾ. "ನಿನ್ನ ಸೊಂಟ ನೋಡಿದ್ರೆ ಹೊಂಡಾನೇ ಸರಿಯಾಗಿದೆ."

ಸಹಕಾರಿ ಅಂಗಡಿಯಲ್ಲಿ ರೈ ಬ್ರೆಡ್ಡಿನ ಪಕ್ಕ ಪುಸ್ತಕಗಳನ್ನಿಟ್ಟರು. ಜನ ತಮ್ಮನ್ನು ತಾವು ಹುಡುಕಿಕೊಂಡು ಓದಿದರು. ಹಾರ್ಡ್‌ವೇರ್ ಅಂಗಡಿಯ ಡೆನಿಸ್ ಸಿಕ್ಕಾಗಲೆಲ್ಲ, "ನನ್ನ ಕೊಲೆ ಯಾವಾಗ ಲೆಂಪಿ? ಮೀನಿನ ಕಾಲ ಮುಗಿದ್ಮೇಲೆ ಇಟ್ಕೋ" ಅನ್ನುತ್ತಿದ್ದ. ಮರುವರ್ಷ ಎರಡನೆಯದೂ ಬಂತು.

ಆ ನವೆಂಬರಿನ ಒಂದು ಮಧ್ಯಾಹ್ನ ಆರ್ವೊ ಸಾರೆಲಾ ಬಾಗಿಲು ತಟ್ಟಿದ. ಎಪ್ಪತ್ತೊಂಬತ್ತರ ಒಂಟಿ ಮನುಷ್ಯ, ಬಲೆ ಬೀಸಿ ಬದುಕಿದವನು. ದಂಡೆಯ ರಸ್ತೆ ಮುಗಿಯುವಲ್ಲಿ ಅವನ ಮನೆ. ಬಸ್ಸಿಗೆ ಹತ್ತಿಸಲು ಅವನಿಗೆ ಮಕ್ಕಳಿರಲಿಲ್ಲ, ಆದರೆ ಲೆಂಪಿ ಬಸ್ಸು ತಿರುಗಿಸುವಾಗ ಸೌದೆ ರಾಶಿಯ ಹತ್ತಿರದಿಂದ ಕೈಯೆತ್ತುತ್ತಿದ್ದ. ಮೂವತ್ತೊಂದು ವರ್ಷದ ಪರಿಚಯವೆಲ್ಲ ಅಷ್ಟೇ. ಅವಳ ಎರಡೂ ಪುಸ್ತಕ ಕಂಕುಳಲ್ಲಿದ್ದವು.

"ಓದ್ದೆ" ಅಂದ.

"ಹೇಗಿದ್ವು?"

"ಕೊನೇಲಿ ಎಲ್ಲಾ ಗೊತ್ತಾಗುತ್ತೆ." ಟೋಪಿಯನ್ನು ಕೈಯಲ್ಲಿ ಹಿಂಡಿದ. "ರೈನೊನ್ನ ಒಂದ್ರಲ್ಲಿ ಹಾಕ್ತೀಯಾ?"

ರೈನೊ ಅವನ ಅಣ್ಣ. ಅವನ ಸಂಗತಿ ಊರಿಗೆಲ್ಲ ಗೊತ್ತಿತ್ತು. ಐವತ್ತೇಳು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ, ಹಿಮಗಡ್ಡೆಯ ಕೆಳಗೆ ಬಿಟ್ಟಿದ್ದ ಬಲೆ ಎತ್ತಲು ನಡೆದು ಹೋದವನು ಮರಳಲಿಲ್ಲ. ಮೀನು ಹೇರಿ ಎಳೆಯುವ ಅವನ ಜಾರುಬಂಡಿ ಸಿಕ್ಕಿತು, ದೇಹ ಸಿಗಲಿಲ್ಲ. ಕೆನಡಾಕ್ಕೆ ಓಡಿಹೋದ ಅಂದರು, ಕುಡಿದು ದಾರಿ ತಪ್ಪಿದ ಅಂದರು, ಯಾರೋ ಹೊಡೆದು ಹಾಕಿದರು ಅಂದರು.

"ಆರ್ವೊ, ನಾನು ಬರೆಯೋದು ಸುಳ್ಳು ಕತೆ. ಹೊತ್ತು ಹೋಗೋಕೆ ಓದೋದು."

"ಸುಳ್ಳೇ ಇರ್ಲಿ. ನಂಗೊಂದು ಕೊನೆ ಬೇಕು."

ಇಲ್ಲ ಅನ್ನಲು ಲೆಂಪಿಗೆ ಬಾಯಿ ಬರಲಿಲ್ಲ.

ಆ ಚಳಿಗಾಲವೆಲ್ಲ ಪ್ರತಿ ಗುರುವಾರ ಮಧ್ಯಾಹ್ನ, ಬರೆದದ್ದನ್ನು ತೆಗೆದುಕೊಂಡು ಅವನ ಅಡುಗೆಮನೆಗೆ ಹೋದಳು. ಮೊದಲು ರೈನೊನನ್ನು ಕೆನಡಾಕ್ಕೆ ಕಳಿಸಿ, ಹೊಸ ಹೆಸರು ಕೊಟ್ಟು, ಮದುವೆ ಮಾಡಿಸಿದಳು. ಆರ್ವೊ ಪೂರ್ತಿ ಕೇಳಿ, ಅವಳ ಲೋಟಕ್ಕೆ ಕಾಫಿ ಬಗ್ಗಿಸಿದ.

"ಇಲ್ಲ. ರೈನೊ ಅಂಥವನಲ್ಲ. ಅಮ್ಮನಿಗೆ ಒಂದು ಕಾಗದ ಬರೀದೆ ಇರೋನಲ್ಲ."

ಮುಂದಿನ ಸಲ, ಬಲೆಯ ಜಾಗಕ್ಕೆ ಜಗಳವಾಡಿದವನೊಬ್ಬನ ಕೈಯಲ್ಲಿ ಕೊಲ್ಲಿಸಿದಳು.

"ಅವನ ಮೇಲೆ ಸಿಟ್ಟಿದ್ದೋರು ಯಾರೂ ಇರ್ಲಿಲ್ಲ. ಹಾಡ್ತಿದ್ದ, ಪೂರ್ತಿ ಅಪಸ್ವರ. ಕೊಲ್ಲೋದಿದ್ರೆ ಅದಕ್ಕೇ ಕೊಲ್ಲಬೇಕಿತ್ತು." ಹಾಗೆಂದು ಆರ್ವೊ ನಕ್ಕ. ಅವನು ನಕ್ಕದ್ದನ್ನು ಲೆಂಪಿ ಅದೇ ಮೊದಲು ನೋಡಿದ್ದು.

ಕುಡಿಸಿ ದಾರಿ ತಪ್ಪಿಸಿದಾಗಲೂ ಅದೇ ಉತ್ತರ: "ಕುಡೀತಿದ್ದ, ಹಿಮಗಡ್ಡೆ ಮೇಲೆ ಕಾಲಿಟ್ಟಾಗ ಅಲ್ಲ."

ಹೀಗೆ ಒಂದೊಂದು ಕೊನೆ ಬಿದ್ದುಹೋದಂತೆ ರೈನೊ ಮಾತ್ರ ತುಂಬಿಕೊಳ್ಳುತ್ತ ಬಂದ. ಎಡಗೈಯಲ್ಲಿ ಚಾಕು ಹಿಡಿಯುತ್ತಿದ್ದ, ಕುಣಿಯುವ ಶನಿವಾರ ಬೂಟಿಗೆ ಎರಡು ಸಲ ಪಾಲಿಶ್ ಹಾಕುತ್ತಿದ್ದ. ಬೆಳಗಿನ ಅರೆನಿದ್ದೆಯಲ್ಲಿ ಲೆಂಪಿಯ ಬಸ್ಸು ಈಗ ದಂಡೆಯ ರಸ್ತೆಗೇ ಮೊದಲು ಹೋಗುತ್ತಿತ್ತು. ಅಲ್ಲಿ ರಸ್ತೆ ಯಾವುದು ಸರೋವರ ಯಾವುದು ತಿಳಿಯದಂಥ ಬಿಳುಪು. ಅದರೊಳಗೆಲ್ಲೋ ಒಬ್ಬ ಹಾಡುತ್ತಿದ್ದ, ಹತ್ತಿರ ಹೋದಷ್ಟೂ ದೂರದಿಂದ ಕೇಳುತ್ತಿತ್ತು.

ಮಾರ್ಚಿನ ಒಂದು ಗುರುವಾರ ಅವಳು ಬರಿಗೈಯಲ್ಲಿ ಹೋದಳು. "ಇವತ್ತು ಏನೂ ಬರ್ದಿಲ್ಲ. ಮಾರ್ತ್ತಾ ಇದ್ದಿದ್ರೆ ಕೇಳೋದನ್ನ ಕೇಳ್ತೀನಿ. ಅವತ್ತು ಮನೇಲಿ ಯಾರ್ಯಾರಿದ್ರಿ?"

"ಅಮ್ಮ, ನಾನು, ನಾಯಿ."

"ನಾಯಿ ಅವನ ಜೊತೆ ಹೋಗ್ಲಿಲ್ವಾ?"

ಆರ್ವೊ ಒಲೆಯ ಕಡೆ ತಿರುಗಿದ. ಹೇಳಬೇಕಾದ್ದನ್ನು ಬಾಯಲ್ಲಿಟ್ಟುಕೊಂಡು ಕೂತ ಮಕ್ಕಳನ್ನು ಲೆಂಪಿ ಎಷ್ಟು ನೋಡಿರಲಿಲ್ಲ! ಅಂಥವರನ್ನು ಕನ್ನಡಿಯಲ್ಲಿ ದಿಟ್ಟಿಸಬಾರದು, ದಾರಿ ನೋಡುತ್ತ ಸುಮ್ಮನೆ ಗಾಡಿ ಓಡಿಸಬೇಕು. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಹೊರಗೆ ಬಿಸಿಲಿಗೆ ಹಿಮಗಡ್ಡೆ ಮೆಲ್ಲಗೆ ನರಳುತ್ತಿತ್ತು.

"ಕಟ್ಟಿಹಾಕು ಅಂದಿದ್ದ" ಅಂದ ಆರ್ವೊ. "ಗಡ್ಡೆ ಸರಿಯಿಲ್ಲ, ಅದು ನನ್ನ ಹಿಂದೆ ಬರೋದು ಬೇಡ ಅಂದಿದ್ದ. ಅದು ಕುಂಯ್‌ಗುಡ್ತಾನೇ ಇತ್ತು. ಬಿಟ್ಟುಬಿಟ್ಟೆ. ಊಟದ ಹೊತ್ತಿಗೆ ಅದೊಂದೇ ವಾಪಸು ಬಂತು. ಮೈತುಂಬ ಮಂಜುಗಡ್ಡೆ. ನಡೆದ್ರೆ ಮಣಿಸರದ ಹಾಗೆ ಸದ್ದು. ಅಮ್ಮ ನೋಡೋಕೆ ಮುಂಚೆ ಸೌನಾಗೆ ಕರ್ಕೊಂಡು ಹೋಗಿ ಒಣಗಿಸ್ದೆ. ಯಾರಿಗೂ ಹೇಳ್ಲಿಲ್ಲ."

ಲೆಂಪಿ ಕಿಟಕಿಯಿಂದ ಅವನ ಕಡೆ ತಿರುಗಿದಳು.

"ನಾಯಿ ನೀರಿಗೆ ಬಿತ್ತು" ಅಂದಳು. "ಅವನು ಎತ್ತಿ ಮೇಲೆ ಹಾಕ್ದ."

ಆರ್ವೊ ತಲೆಯಾಡಿಸಿದ. "ಅದು ರೈನೊ ಮಾಡೋ ಕೆಲ್ಸ."

"ಬರೀಲಾ, ಬೇಡ್ವಾ?"

"ಬರಿ. ನಾಯಿ ಹೆಸರು ಮಾತ್ರ ಬದಲಾಯಿಸ್ಬೇಡ. ಪೆನಿ ಅಂತ."

"ಬಿಟ್ಟಿದ್ದು ಯಾರು ಅಂತ ಹಾಕ್ಲಿ?"

"ತಮ್ಮ ಅಂತ ಹಾಕು."

ಸೈಮಾ ಓದಿ ಸಿಡುಕಿದಳು. "ಕಳ್ಳ ಇಲ್ಲ, ಕೊಲೆಗಾರ ಇಲ್ಲ, ಕೊನೇಲಿ ಹಿಡಿಯೋಕೆ ಒಬ್ಬ ಬಡಪಾಯೀನೂ ಇಲ್ಲ. ಇದ್ಯಾವ ಸೀಮೆ ಪತ್ತೇದಾರಿ?" ಆಮೇಲೆ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು, ಒಂದಕ್ಷರವನ್ನೂ ಮುಟ್ಟಬೇಡ ಅಂದಳು.

ಗಡ್ಡೆ ಕರಗಿ ದೋಣಿಗಳು ನೀರಿಗಿಳಿಯುವ ಹೊತ್ತಿಗೆ ಪುಸ್ತಕ ಬಂತು. ಭಾನುವಾರ ಮಧ್ಯಾಹ್ನ ನಡೀನ್ ಲೈಬ್ರರಿಯಲ್ಲಿ ಕುರ್ಚಿ ಹಾಕಿಸಿದಳು. ಆರ್ವೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತ. ಅವಳು ಓದಿ ಮುಗಿಸಿದಾಗ ಡೆನಿಸ್ ಎದ್ದು ಕೇಳಿದ, "ಆ ನಾಯಿ ವಿಷಯ ಚೆನ್ನಾಗಿ ಹೆಣೆದಿದೀಯ ಲೆಂಪಿ. ಎಲ್ಲಿಂದ ಹೊಳೀತು?"

ಈ ಪ್ರಶ್ನೆಗೆ ಲೆಂಪಿ ಒಂದು ಒಳ್ಳೆಯ ಸುಳ್ಳನ್ನು ಮನೆಯಲ್ಲೇ ತಯಾರು ಮಾಡಿಕೊಂಡು ಬಂದಿದ್ದಳು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆರ್ವೊ ಎದ್ದು ನಿಂತ.

"ಹೊಳೆದದ್ದಲ್ಲ, ನಡೆದದ್ದು. ಬಿಟ್ಟೋನು ನಾನು."

ಹಿಂದಿನ ಸಾಲಿನಿಂದ ಐಲಿ ಮತ್ತಿಲಾ ಎದ್ದಳು. ಎಂಬತ್ತು ದಾಟಿದ ಆಕೆ ಒಂದು ಕಾಲಕ್ಕೆ ರೈನೊನ ಜೊತೆ ಕುಣಿದವಳು, ಬೇಸಿಗೆಗೆ ಅವನನ್ನು ಮದುವೆಯಾಗಬೇಕಿದ್ದವಳು. ಕೋಲೂರುತ್ತ ನಿಧಾನವಾಗಿ ಮುಂದೆ ಬಂದಳು.

"ಕೆನಡಾಕ್ಕೆ ಹೋದ ಅಂದ್ಕೊಂಡಿದ್ದೆ ನಾನು" ಅಂದಳು ಐಲಿ. "ಐವತ್ತೇಳು ವರ್ಷ ಬೈಕೊಂಡಿದೀನಿ ಅವನನ್ನ."

ಆರ್ವೊ ತಲೆ ತಗ್ಗಿಸಿದ. ಐಲಿ ಅವನ ಪಕ್ಕದ ಕುರ್ಚಿ ಎಳೆದು ಕೂತಳು, ಅವನ ತೋಳು ಹಿಡಿದು ಅವನನ್ನೂ ಕೂರಿಸಿದಳು.

"ಆ ನಾಯಿ ಅಂದ್ರೆ ಅವನಿಗೆ ಪ್ರಾಣ. ನನಗಿಂತ ಹೆಚ್ಚು" ಅಂದಳು. "ಆಮೇಲೆ ಎಷ್ಟು ವರ್ಷ ಇತ್ತು ಅದು?"

"ಒಂಬತ್ತು."

"ಚೆನ್ನಾಗಿ ನೋಡ್ಕೊಂಡ್ರಾ?"

"ಅಮ್ಮ ತನ್ನ ಮಂಚದ ಮೇಲೇ ಮಲಗಿಸ್ಕೋತಿದ್ಲು" ಅಂದ ಆರ್ವೊ.

"ಒಳ್ಳೇದಾಯ್ತು" ಅಂದಳು ಐಲಿ. "ಹೇಳು, ಇನ್ನೂ ಹೇಳು."

ಅವನು ಹೇಳುತ್ತ ಹೋದ. ಲೆಂಪಿ ತನ್ನ ಪುಸ್ತಕ ಮುಚ್ಚಿ, ಉಳಿದವರ ಜೊತೆ ಕೇಳುತ್ತ ಕೂತಳು.