ವಾಸಕ್ಕೆ ಯೋಗ್ಯ

ನಾಲ್ವರು ಸೇರಿ ಕೆಂಚಪ್ಪನ ಶವವನ್ನು ಅಂಗಳದ ಬೆಂಚಿನ ಮೇಲೆ ಕೂರಿಸುತ್ತಿದ್ದಾಗ ಅವನ ಹೆಂಡತಿ ಬಸಮ್ಮ ಬಂದು ತಡೆದಳು.

“ಇಲ್ಲಿ ಬ್ಯಾಡ. ನಡುಮನೆ ಗೋಡೆಗೆ ಒರಗಿಸಿ.”

“ಆ ಗೋಡೆ ನಂಬಂಗಿಲ್ಲ ಕಣತ್ತಿಗೆ,” ಎಂದ ಪಕ್ಕದ ಮನೆಯ ಇಂದ್ರೇಶ್.

“ಸರ್ಕಾರವೇ ನಂಬೈತೆ. ನಿಂಗ್ಯಾಕೋ ಭಯ?”

ಶವವನ್ನು ಒಳಗೆ ಸಾಗಿಸಿ, ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ಬೇಗ ಹೊರಬಂದರು. ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಬಿರುಕು. ಕೆಂಚಪ್ಪನ ತಲೆಯ ಪಕ್ಕದಲ್ಲಿ ಅದು ಅಂಗೈ ತೂರುವಷ್ಟು ಅಗಲವಿತ್ತು.

ಬಸಮ್ಮ ಶವದ ಪಕ್ಕ ಕೂತಳು. “ಸಾವಿತ್ರಮ್ಮನ ಅಳಿಯ ಹೊರಟವ್ರಾ?”

“ಬಾಣಾವರ ದಾಟವ್ರಂತೆ,” ಎಂದ ಇಂದ್ರೇಶ್ ಹೊರಗಿನಿಂದಲೇ.

*

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಭೂಮಿ ಎರಡು ಸಲ ನಡುಗಿತ್ತು. ಕಣಕಟ್ಟೆ ಕಡೆಯ ಆ ಊರಿನಲ್ಲಿ ಹನ್ನೊಂದು ಕಲ್ಲುಮಣ್ಣಿನ ಮನೆಗಳು ಬಿರುಕು ಬಿಟ್ಟವು. ಪೂರ್ತಿ ಹಾನಿ ಎಂದು ಬರೆದರೆ ಹೊಸ ಮನೆಗೆ ಸರ್ಕಾರದ ನೆರವು; ಅಲ್ಪ ಹಾನಿ ಎಂದರೆ ಗಿಲಾವಿಗೆ ಮಾತ್ರ. ಸರ್ವೆಗೆ ಬಂದ ಎಂಜಿನಿಯರ್ ಶಶಿಧರ್, ಕೆಂಚಪ್ಪನ ತಂಗಿ ಸಾವಿತ್ರಮ್ಮನ ಅಳಿಯ.

ಅವನು ಹೊಸಿಲು ದಾಟಲಿಲ್ಲ. “ಮಾವ, ಟೇಪು ನೀವೇ ಹಿಡೀರಿ,” ಎಂದ. ಕೆಂಚಪ್ಪ ಒಳಗೆ ಹೋಗಿ ಹಿಡಿದ.

ಹತ್ತು ಮನೆಗಳಿಗೆ ಪೂರ್ತಿ ಹಾನಿ. ಕೆಂಚಪ್ಪನದಕ್ಕೆ: ‘ಅಲ್ಪ ಹಾನಿ. ವಾಸಕ್ಕೆ ಯೋಗ್ಯ.’

“ನೆಂಟರ ಮನೆಗೆ ಜಾಸ್ತಿ ಬರೆದ ಅಂತ ನನ್ ಮೇಲೆ ದೂರು ಹೋಗುತ್ತೆ ಮಾವ. ನೀವು ಮೇಲ್ಮನವಿ ಹಾಕಿ.”

ಮೇಲ್ಮನವಿ ಅವನ ಮೇಜಿಗೇ ಬಂತು.

ಕೆಂಚಪ್ಪ ಮೂವತ್ತು ವರ್ಷ ಕೊಬ್ಬರಿ ಕೆಲಸ ಮಾಡಿದವನು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದ. ಗೋಡೆಯನ್ನೂ ಹಾಗೆಯೇ ತಟ್ಟಿ ಕೇಳಿದ. ಮತ್ತೆ ಒಳಗೆ ಮಲಗಲಿಲ್ಲ. ಹಿತ್ತಲಿನ ತೆಂಗಿನ ಗರಿಯ ಚಪ್ಪರದಲ್ಲಿ ಎರಡು ಚಳಿಗಾಲ ಕಳೆದ. ಎರಡನೆಯದರಲ್ಲಿ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಐದು ದಿನ ಇದ್ದ.

*

ಶಶಿಧರ್ ಹಾರ ಹಿಡಿದು ಬಂದು ಹೊಸಿಲಾಚೆ ನಿಂತ.

“ಒಳಗೆ ಬನ್ನಿ ಅಳಿಯಂದ್ರೇ,” ಎಂದಳು ಬಸಮ್ಮ.

“ಇಲ್ಲಿಂದ್ಲೇ ಕೈ ಮುಗೀತೀನಿ ಅತ್ತೆ. ಹಾರ ಇಂದ್ರೇಶ್ ಹಾಕ್ತಾರೆ.”

“ನಮ್ದು ಪೂರ್ತಿ ಹಾನಿ ಮನೆ ಸ್ವಾಮಿ,” ಎಂದ ಇಂದ್ರೇಶ್. “ವಾಸಕ್ಕೆ ಯೋಗ್ಯವಾದ ಮನೆ ಒಳೀಕ್ ಹೋಗೋ ಯೋಗ ನಮಗೆಲ್ಲೈತೆ?”

ಯಾರೋ ನಕ್ಕು ಕೆಮ್ಮಿದರು.

“ನೀವು ವಿಭೂತಿ ಹಚ್ಚೋಗಂಟ ಹೆಣ ಎತ್ತಂಗಿಲ್ಲ,” ಎಂದಳು ಬಸಮ್ಮ. “ಇಲ್ದಿದ್ರೆ ಯಾಕ್ ಬರಲ್ಲ ಅಂತ ಎಲ್ರ ಮುಂದೆ ಹೇಳ್ಬುಡಿ.”

ಶಶಿಧರ್ ಹೊಸಿಲ ಬಳಿ ನಿಂತಿದ್ದ ಸಾವಿತ್ರಮ್ಮನತ್ತ ನೋಡಿದ. ಅವಳು ಅಣ್ಣನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಹೋಗಿ,” ಎಂದಳು.

ಅವನು ಶೂ ಬಿಚ್ಚಿ ಒಳಗೆ ಹೋದ. ಹಾರ ಹಾಕಿ, ವಿಭೂತಿ ಹಚ್ಚಿ ಏಳುವಷ್ಟರಲ್ಲಿ ಬಸಮ್ಮ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

“ಕೂತ್ಕಳಿ. ತಮಟೆಯವರು ಈಗ ಬಂದವ್ರೆ.”

“ಎಷ್ಟೊತ್ತು ಅತ್ತೆ?”

“ನಿಮ್ ಮಾವ ಎರಡು ವರ್ಸ ಕಾದ್ರು.”

ಅಂಗಳದಲ್ಲಿ ತಮಟೆ ಶುರುವಾಯಿತು. ಬಿರುಕಿನಿಂದ ಮಣ್ಣು ಸಣ್ಣಗೆ ಉದುರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು.

“ಇನ್ನೂ ಜೋರಾಗಿ ಬಡೀರಪ್ಪಾ!” ಬಸಮ್ಮ ಕೂಗಿದಳು.

ಗೋಡೆಗೆ ಒರಗಿ ಕೂತ ಮೂವರಲ್ಲಿ ಒಬ್ಬ ಮಾತ್ರ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದ.