ಅತ್ತೆಯ ಅಳತೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ಬಚ್ಚಲುಮನೆಯ ನೀರು ಬಾಗಿಲು ದಾಟಿ ಹೊರಗೆ ಬಂತು. ಒಳಗೆ ಮೂಲೆಯಲ್ಲಿ ನೀರು ಹೋಗಲೆಂದೇ ಹಾಕಿಸಿದ್ದ ಸ್ಟೀಲಿನ ಜಾಲರಿ ಫಳಫಳ ಹೊಳೆಯುತ್ತಿತ್ತು. ನೀರು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಡುಮನೆಗೆ ಇಳಿದು, ಟೈಲರಮ್ಮ ಅಂಚು ಮಡಿಚಲೆಂದು ಕೆಳಗಿಟ್ಟಿದ್ದ ಗಿರಾಕಿಗಳ ಮೂರು ಪ್ಯಾಂಟುಗಳನ್ನು ನೆನೆಸಿ, ಹೊಲಿಗೆ ಮೆಷಿನ್ನಿನ ಕಾಲು ಸುತ್ತಿಕೊಂಡು, ಮುಂಬಾಗಿಲಿಗೆ ಹೊರಟಿತ್ತು.

ಟೈಲರಮ್ಮ ಬರೀ ಪರೀಕ್ಷೆಗೆಂದು ಶವರ್ ತಿರುಗಿಸಿದ್ದಳು. ಕಂಟ್ರಾಕ್ಟರ್ ಕೈ ಒರೆಸಿಕೊಂಡು, "ಆಗೋಯ್ತು ಅಂದ್ಕೊಳ್ಳಿ" ಎಂದು ಹೋಗಿ ಇನ್ನೂ ಒಂದು ದಿನ ಆಗಿರಲಿಲ್ಲ. ಆ ಮಾತನ್ನು ಅವನು ಕೆಲಸ ಹಿಡಿಯುವಾಗಲೂ ಹೇಳುತ್ತಿದ್ದ, ಅರ್ಧಕ್ಕೆ ನಿಲ್ಲಿಸಿದಾಗಲೂ ಹೇಳುತ್ತಿದ್ದ. ಊರವರು ಅವನಿಗೆ ಆಗೋಯ್ತಪ್ಪ ಎಂದೇ ಹೆಸರಿಟ್ಟಿದ್ದರು.

ಬೇರೆ ದಿನವಾಗಿದ್ದರೆ ಟೈಲರಮ್ಮ ಎರಡು ಮಾತು ಬೈದು ನೆಲ ಒರೆಸುತ್ತಿದ್ದಳೋ ಏನೋ. ಆದರೆ ಇನ್ನು ಏಳು ದಿನಕ್ಕೆ ಅತ್ತೆ ಆಸ್ಪತ್ರೆಯಿಂದ ಬರುವವರಿದ್ದರು. ಅತ್ತೆ ಹಳೇ ಬಚ್ಚಲಿನ ಹೊಸ್ತಿಲು ಎಡವಿಯೇ ಬಿದ್ದು ಸೊಂಟ ಮುರಿದುಕೊಂಡದ್ದು. ಎರಡು ತಿಂಗಳಿಂದ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಅವರು ಒಂದೇ ಪಟ್ಟು ಹಿಡಿದಿದ್ದರು.

"ಬಾಗಿಲು ಹಾಕ್ಕೊಂಡು ನಾನೊಬ್ಬಳೇ ಸ್ನಾನ ಮಾಡೋ ಹಾಗಿದ್ರೆ ಮನೆಗೆ ಬರ್ತೀನಿ. ಇಲ್ದಿದ್ರೆ ವೃದ್ಧಾಶ್ರಮಕ್ಕೆ ಹೋಗ್ತೀನಿ. ಅಲ್ಲಿ ಸಂಬಳಕ್ಕೆ ತೊಳೆಯೋರು ಇರ್ತಾರೆ, ಅವರ ಹತ್ರ ನನಗೆ ನಾಚಿಕೆ ಇಲ್ಲ. ನಿನ್ನ ಕೈಯಲ್ಲಿ, ಮಗನ ಕೈಯಲ್ಲಿ ಸ್ನಾನ ಮಾಡಿಸ್ಕೊಳ್ಳೋದು ನನ್ನಿಂದ ಆಗಲ್ಲ ಕಣೇ."

ಬರೀ ಬಾಯಿಮಾತಲ್ಲ. ಆಶ್ರಮದ ಅರ್ಜಿ ತರಿಸಿ, ತುಂಬಿಸಿ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಸಹಿ ಒಂದು ಬಾಕಿ.

ಸೊಸೆಗೆ ಹೊಲಿಗೆ ಕಲಿಸಿದ್ದು ಅತ್ತೆ. ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ ಎದುರುಬದುರು ಹಾಕಿಕೊಂಡು ಇಬ್ಬರೂ ಇಪ್ಪತ್ತು ವರ್ಷ ಹೊಲಿದಿದ್ದರು, ಜಗಳವಾಡಿದ್ದರು, ಊರಿನವರನ್ನೆಲ್ಲ ಆಡಿಕೊಂಡಿದ್ದರು. ಈಗ ಎದುರಿನ ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು. ಅವಳಿಗೆ ಅತ್ತೆ ಬೇಕಾಗಿತ್ತು, ಅಷ್ಟೇ.

ಫೋನಿನಲ್ಲಿ ಅವಳ ಗಂಟಲು ಕೇಳಿದವನೇ ಆಗೋಯ್ತಪ್ಪ ಅರ್ಧ ಗಂಟೆಯಲ್ಲಿ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಕಿವಿಯ ಹಿಂದೆ ಪೆನ್ಸಿಲು. ಚಪ್ಪಲಿಯನ್ನು ಬಚ್ಚಲ ಬಾಗಿಲ ಪಕ್ಕ ಬಿಟ್ಟು ಒಳಗೆ ಇಣುಕಿದ.

"ಕಂಟ್ರಾಕ್ಟ್ರೇ, ಜಾಲರಿ ಅಲ್ಲಿದೆ. ನೀರು ಇಲ್ಲಿದೆ. ಏನಿದು?"

"ಹೊಸ ನೆಲ ಅಲ್ವಾ ಅಮ್ಮಾ, ನೀರಿಗೆ ಇನ್ನೂ ದಾರಿ ರೂಢಿಯಾಗಿಲ್ಲ."

"ರಸಮಟ್ಟ ಇಟ್ಟು ನೆಲದ ಮಟ್ಟ ನೋಡಿದ್ರಾ?"

"ಇಪ್ಪತ್ತೆರಡು ವರ್ಷದ ಕಣ್ಣಿದು. ಇದಕ್ಕಿಂತ ರಸಮಟ್ಟ ಬೇಕಾ?" ಎಂದು ಜೇಬಿನಿಂದ ಒಂದು ಗೋಲಿ ತೆಗೆದ. ಅವನ ಕಸುಬಿನ ಪರೀಕ್ಷೆಯೆಲ್ಲ ಆ ಗೋಲಿಯದೇ. ಬಚ್ಚಲ ನಡುವೆ ಕೂರಿಸಿ ಕೈಬಿಟ್ಟ. ಗೋಲಿ ಒಂದು ಕ್ಷಣ ಯೋಚಿಸಿ, ಜಾಲರಿಗೆ ಬೆನ್ನು ಹಾಕಿ, ಬಾಗಿಲು ದಾಟಿ, ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಟೈಲರಮ್ಮನ ಗಂಡನ ಕಾಲಿಗೆ ಹೋಗಿ ಬಡಿಯಿತು. ಜಗಳ ಎಂದರೆ ಮಾರುದೂರ ಓಡುವ ಆ ಮನುಷ್ಯ ಅದನ್ನು ಎತ್ತಿ, ಒರೆಸಿ, ಮರ್ಯಾದೆಯಿಂದ ವಾಪಸು ಕೊಟ್ಟ. ಎರಡನೇ ಸಲವೂ ಅದೇ ಕಥೆ.

"ಹಾಗಾದ್ರೆ ನಿಮ್ಮ ಮನೇನೇ ಈ ಕಡೆ ವಾಲಿದೆ" ಎಂದ ಆಗೋಯ್ತಪ್ಪ.

"ಮೂವತ್ತು ವರ್ಷದಿಂದ ಓರೆಯಾಗಿ ಬದುಕ್ತಿದ್ದೀವಿ, ನಮಗೇ ಗೊತ್ತಾಗಿಲ್ಲ ನೋಡಿ. ಅದಿರ್ಲಿ, ಈ ಕಂಬಿ ಯಾರಿಗೆ ಹಾಕಿದ್ದು?"

ಹಿಡಿದುಕೊಂಡು ಏಳಲೆಂದು ಗೋಡೆಗೆ ಹಾಕಿಸಿದ್ದ ಕಂಬಿ. ಟೈಲರಮ್ಮ ತುದಿಗಾಲಲ್ಲಿ ನಿಂತು ಅದರಲ್ಲಿ ಬೆರಳು ಸಿಕ್ಕಿಸಿದಳು.

"ಕೈ ಚಾಚಿದ್ರೆ ಸರಿಯಾಗಿ ಸಿಗತ್ತಲ್ಲಮ್ಮಾ" ಎಂದು ಅವನು ತನ್ನ ಕೈ ಚಾಚಿ ತೋರಿಸಿದ. ಅವನಿಗೆ ಸಿಕ್ಕಿತು.

"ಸ್ನಾನಕ್ಕೆ ನೀವು ಬರ್ತೀರಾ ಇಲ್ಲಿಗೆ?"

ದುಮುದುಮು ಎಂದು ಒಳಗೆ ಹೋಗಿ ತನ್ನ ದಪ್ಪ ಅಳತೆ ಪುಸ್ತಕ ತಂದಳು. ಊರಿನ ಅರ್ಧ ಜನರ ಎದೆ, ಭುಜ, ತೋಳು ಅದರಲ್ಲಿ ಭದ್ರವಾಗಿದ್ದವು. ಅತ್ತೆಯ ಪುಟ ತೆಗೆದು, ಸೊಂಟದಿಂದ ನೆಲಕ್ಕೆ ಎಷ್ಟು ಎಂದು ನೋಡಿ, ಟೇಪು ಹಿಡಿದು ಹೊಸ ಟೈಲ್ಸಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. "ಕಂಬಿ ಇಲ್ಲಿರ್ಬೇಕು. ಅಳತೆ ಅಂದ್ರೆ ಇದು. ನೆಲಾನೂ ಒಡೆದು ಸರಿ ಮಾಡಿ."

"ಕಂಬಿ ಬೇಕಾದ್ರೆ ಇಳಿಸೋಣ. ಹಾಕಿರೋ ನೆಲ ಒಡೆಯೋಕಾಗುತ್ತಾ? ಹೊಲಿಗೆ ಬಿಚ್ಚೋಕೆ ಇದೇನು ಬಟ್ಟೆನಾ?"

ಆ ಮಾತನ್ನು ಅವನು ಬೇರೆ ಯಾರ ಮುಂದೆ ಬೇಕಾದರೂ ಆಡಬಹುದಿತ್ತು. ಟೈಲರಮ್ಮನ ಅಂಗಡಿಯಲ್ಲಿ ಅತ್ತೆಯ ಕಾಲದಿಂದ ಒಂದು ಕಟ್ಟಳೆ. ಗಿರಾಕಿ ಹಾಕಿಕೊಂಡು ನೋಡದೆ ಬಟ್ಟೆ ಹೊರಗೆ ಹೋಗುವಂತಿಲ್ಲ. ಎಲ್ಲಾದರೂ ಹಿಡಿದರೆ, ಸಡಿಲವಾದರೆ, ಅವರೆದುರಿಗೇ ಹೊಲಿಗೆ ಬಿಚ್ಚಬೇಕು. ಬಿಚ್ಚುವಾಗ ಮುಖ ಗಂಟು ಹಾಕಬಾರದು.

"ಬನ್ನಿ ಹಾಗಾದ್ರೆ, ಟ್ರಯಲ್ ನೋಡಿ" ಎಂದಳು ಅವಳು. "ನಮ್ಮತ್ತೆ ಥರ ಒಂದು ಸ್ನಾನ ಮಾಡಿ ಎದ್ದು ಬನ್ನಿ. ಸರಿಯಿದ್ರೆ ನಾನು ಬಾಯಿಗೆ ಬೀಗ ಹಾಕ್ಕೊಳ್ತೀನಿ."

ಆಗೋಯ್ತಪ್ಪ ನಕ್ಕ. ನೀರು ಕುಡಿದಷ್ಟು ಸುಲಭ ಎಂದ. ಅಂಗಿ ಕಳಚಿ, ಟೈಲರಮ್ಮನ ಗಂಡನ ಹಳೇ ಚಡ್ಡಿ ಹಾಕಿಕೊಂಡು, ಗಿಡ್ಡ ಸ್ಟೂಲಿನ ಮೇಲೆ ಕೂತ. ಟೈಲರಮ್ಮ ಅವನ ಬಲಗಾಲಿಗೆ ಎರಡು ಮರದ ಸ್ಕೇಲುಗಳನ್ನಿಟ್ಟು, ಮಂಡಿ ಮಡಿಚದಂತೆ ಬಟ್ಟೆಪಟ್ಟಿಯಿಂದ ಬಿಗಿಯಾಗಿ ಕಟ್ಟಿದಳು. ಗಂಡ ಅವನ ಮುಖಕ್ಕೆ ಧಾರಾಳವಾಗಿ ಸೋಪು ಹಚ್ಚಿದ. ಆ ಕೆಲಸದಲ್ಲಿ ಗಂಡನಿಗೂ ಸ್ವಲ್ಪ ಖುಷಿ ಸಿಕ್ಕಿದ್ದು ಸುಳ್ಳಲ್ಲ.

"ಬೇಕಾದ್ರೆ ಕೂಗಿ" ಎಂದು ಟೈಲರಮ್ಮ ಬಾಗಿಲು ಎಳೆದುಕೊಂಡಳು.

ಶವರ್ ಸದ್ದಾಯಿತು. ಬಾಗಿಲ ಕೆಳಗಿನಿಂದ ನೀರು ಬಂತು. ಆಗೋಯ್ತಪ್ಪನ ಚಪ್ಪಲಿಗಳಲ್ಲಿ ಒಂದು ಮೆಲ್ಲಗೆ ಹೊರಟು ಮೆಷಿನ್ನಿನ ಕೆಳಗೆ ನಿಂತಿತು. ಒಳಗೆ ಚೊಂಬು ಬಿದ್ದ ಸದ್ದು, ಸ್ಟೂಲು ಎಳೆದ ಸದ್ದು, ಆಮೇಲೆ ಶವರ್ ನಿಂತಿತು.

"ಆಗೋಯ್ತಾ ಕಂಟ್ರಾಕ್ಟ್ರೇ?"

"ಆಯ್ತು, ಆಯ್ತು."

ಆದರೆ ಅವನು ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು.

"ನಾನು ಹೋಗಿ ನೋಡ್ಲಾ?" ಎಂದ ಗಂಡ.

"ಕೂಗಿದ್ರೆ ಹೋಗ್ರೀ."

ಕಾಲು ಗಂಟೆಯ ಮೇಲೆ, ಆ ಆರಡಿ ದೇಹದಿಂದ ಬಂತೆಂದು ನಂಬಲಾಗದ ಒಂದು ಸಣ್ಣ ದನಿ ಕೇಳಿಸಿತು. "ಅಣ್ಣಾ... ಒಂಚೂರು ಬರ್ತೀರಾ?"

ಗಂಡ ಹೋಗಿ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಆಗೋಯ್ತಪ್ಪ ಒಂದು ಕಿವಿಯಲ್ಲಿ ನೊರೆ ಉಳಿಸಿಕೊಂಡೇ ಹೊರಗೆ ಬಂದ. ಮುಖ ಸಪ್ಪಗಾಗಿತ್ತು. ಟೈಲರಮ್ಮ ಬಗ್ಗಿ ಅವನ ಕಾಲಿನ ಪಟ್ಟಿ ಬಿಚ್ಚಿದಳು.

"ಕೂಗೋಕೆ ಬಾಯೇ ಬರ್ಲಿಲ್ಲಮ್ಮಾ" ಎಂದ. "ಅಲ್ಲೇ ಕೂತಿದ್ದೆ, ಚಳಿ ಆಗ್ತಿತ್ತು, ಆದ್ರೂ ಬಾಯಿ ಬರ್ಲಿಲ್ಲ." ಬಟ್ಟೆ ಹಾಕಿಕೊಂಡು, ಮೆಷಿನ್ ಕೆಳಗಿನ ಚಪ್ಪಲಿ ಎತ್ತಿಕೊಂಡು, ಹೊರಟುಹೋದ.

ಮಂಗಳವಾರ ಆಸಾಮಿಯ ಪತ್ತೆ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಅವನು ಕೈಕೊಟ್ಟು ಕಾಲಿಗೆ ಬುದ್ಧಿ ಹೇಳಿದ್ದಾನೆ ಎಂದು ಟೈಲರಮ್ಮನಿಗೆ ಖಾತ್ರಿಯಾಯಿತು. ಸಿಟ್ಟಿನಲ್ಲಿ ಒಂದು ಕೋಟಿಗೆ ಎಡತೋಳನ್ನು ಬಲಗಡೆ ಕೂಡಿಸಿದಳು. ಅದನ್ನು ಬಿಚ್ಚುತ್ತ ಕೂತಿದ್ದಾಗ, ನಾಲ್ಕು ಗಂಟೆಗೆ, ಬಾಗಿಲಿಗೆ ತಲೆ ತಗ್ಗಿಸಿಕೊಂಡು ಅವನೇ ಬಂದ.

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಆಸ್ಪತ್ರೆಗೆ. ನಿಮ್ಮತ್ತೆ ಅಳತೆ ತಗೊಳ್ಳೋಕೆ." ಜೇಬಿನಿಂದ ಮುದುರಿದ ಚೀಟಿ ತೆಗೆದ. "ಇಷ್ಟು ವರ್ಷ ಗೋಡೆ ಅಳೆದಿದ್ದೀನಿ, ಒಳಗೆ ಇರೋರನ್ನ ಒಂದ್ಸಲಾನೂ ಅಳೆದಿಲ್ಲ ಅಮ್ಮಾ. ಆಗಲ್ಲ ಹೋಗು ಅಂದ್ರು ಅವರು. ನಿನ್ನೆ ನಂಗೆ ಆಗಿದ್ದೆಲ್ಲ ಹೇಳಿದೆ. ನಕ್ಕೂ ನಕ್ಕೂ ಕೆಮ್ಮು ಬಂತು ಅವರಿಗೆ. ಆಮೇಲೆ ನಿಂತು, ಕೂತು, ಎಲ್ಲಾ ತೋರಿಸಿದ್ರು. 'ಟೇಪು ಎಳೀಬೇಡಪ್ಪಾ, ಮೈಮೇಲೆ ಮಲಗಿಸು' ಅಂತ ಮೂರು ಸಲ ಅಳೆಸಿದ್ರು."

ಬಚ್ಚಲಿಗೆ ಹೋಗಿ, ನೆಲದಿಂದ ಟೇಪು ಹಿಡಿದು, ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ. ಟೈಲರಮ್ಮನ ಸೀಮೆಸುಣ್ಣದ ಗೆರೆ ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು.

"ನೀವು ತಪ್ಪು ಅಳೆದಿದ್ದೀರಿ."

"ಮೂರು ಸಲ ಅಮ್ಮಾ."

ಅವನ ಕಣ್ಣಲ್ಲಿ ನಗು ಇಣುಕಿತ್ತು, ಬಾಯಿಗೆ ಬರದಂತೆ ತಡೆದುಕೊಂಡಿದ್ದ. ಟೈಲರಮ್ಮ ಪುಸ್ತಕ ತೆಗೆದಳು. ಅತ್ತೆಯ ಪುಟದ ಮೇಲ್ತುದಿಯಲ್ಲಿ ತಾರೀಕಿತ್ತು. ಒಂಬತ್ತು ವರ್ಷ ಹಿಂದಿನದು.

ಗಿರಾಕಿಯ ಸೊಂಟ ಎರಡು ಬೆರಳು ಹೆಚ್ಚಿದ್ದರೆ ಅವಳಿಗೆ ಅವರು ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತಿತ್ತು. ದಿನವೂ ಎದುರಿಗೇ ಕೂತಿದ್ದ ಅತ್ತೆ ನಾಲ್ಕು ಬೆರಳು ಕುಗ್ಗಿದ್ದು ಗೊತ್ತಾಗಿರಲಿಲ್ಲ. ಅತ್ತೆಗೆ ಬಟ್ಟೆ ಹೊಲಿಯುವಾಗೆಲ್ಲ ಹಳೇ ಪುಟ ನೋಡಿಯೇ ಹೊಲಿದಿದ್ದಳು. ಉದ್ದವಾಯಿತು ಎಂದು ಅತ್ತೆ ಒಂದು ದಿನವೂ ಹೇಳಿರಲಿಲ್ಲ, ತಾವೇ ಅಂಚು ಮಡಿಚಿಕೊಂಡಿದ್ದರೇನೋ.

ಒದ್ದೆ ಬಟ್ಟೆ ತಂದು ಸೀಮೆಸುಣ್ಣದ ಗೆರೆಯನ್ನು ತಾನೇ ಒರೆಸಿದಳು. ಮುಖ ಗಂಟು ಹಾಕಲಿಲ್ಲ.

"ನಂದೂ ತಪ್ಪೇ ಕಂಟ್ರಾಕ್ಟ್ರೇ. ನಾನು ನನ್ನ ಗೆರೆ ಅಳಿಸಿದೆ. ನೀವು ನಿಮ್ಮ ನೆಲ ಒಡೀರಿ."

"ಆಗೋಯ್ತು ಅಂದ್..." ಎಂದು ಶುರು ಮಾಡಿದವನು ನಾಲಿಗೆ ಕಚ್ಚಿಕೊಂಡ. "ನಾಳೆ ಬೆಳಿಗ್ಗೆ ಶುರು ಮಾಡ್ತೀನಿ."

ಬುಧವಾರ ಸುತ್ತಿಗೆಯ ಸದ್ದಿಗೆ ಬೀದಿಯೇ ಎದ್ದು ಕೂತಿತು. ಪಕ್ಕದ ಮನೆಯವರು ಹೊಸ ಬಚ್ಚಲು ಒಡೆಯುವವರನ್ನು ಹಿಂದೆಂದೂ ಕಾಣದವರಂತೆ ಬಂದು ನೋಡಿಕೊಂಡು ಹೋದರು. ಆಗೋಯ್ತಪ್ಪ ಹೊಚ್ಚಹೊಸ ರಸಮಟ್ಟ ತಂದಿದ್ದ, ಬೆಲೆ ಚೀಟಿಯನ್ನೂ ಕಿತ್ತಿರಲಿಲ್ಲ. ಶುಕ್ರವಾರ ಸಂಜೆ ಹೊಸ ಟೈಲ್ಸಿನ ಮೇಲೆ ಗೋಲಿ ಬಿಟ್ಟರು. ಅದು ಸೀದಾ ಹೋಗಿ ಜಾಲರಿಗೆ ಟಣ್ ಎಂದು ಬಡಿಯಿತು. ಯಾವ ಮೂಲೆಯಿಂದ ಬಿಟ್ಟರೂ ಟಣ್. ಟೈಲರಮ್ಮನ ಗಂಡ ಆ ಸಂಜೆ ಹನ್ನೊಂದು ಸಲ ಬಿಟ್ಟ.

ಸೋಮವಾರ ಅತ್ತೆ ಬಂದರು. ನಾಲ್ಕು ಕಾಲಿನ ಊರುಗೋಲು ಹಿಡಿದು, ಕಂಕುಳಲ್ಲಿ ಕೈಚೀಲ ಸಿಕ್ಕಿಸಿಕೊಂಡು, ಒಳಗೆ ಬಂದವರೇ ಚೀಲವನ್ನು ಕುರ್ಚಿಯ ಮೇಲಿಟ್ಟು, ಕೂರದೆ ಸೀದಾ ಬಚ್ಚಲಿಗೆ ನಡೆದರು. ಅದೇ ಹೊತ್ತಿಗೆ ಆಗೋಯ್ತಪ್ಪ, ಸುಮ್ಮನೆ ಈ ಕಡೆ ಬಂದಿದ್ದೆ ಎಂದುಕೊಂಡು ಬಾಗಿಲಲ್ಲಿ ಹಲ್ಲು ಕಿರಿದ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.

ಮೂವರೂ ನಡುಮನೆಯಲ್ಲಿ ನಿಂತು ನೆಲ ನೋಡಿದರು. ಶವರ್ ಸದ್ದು. ಬಾಗಿಲ ಕೆಳಗೆ ಒಂದು ಹನಿಯೂ ಇಲ್ಲ. ಏನೋ ಧೊಪ್ಪೆಂದು ಬಿತ್ತು. ಟೈಲರಮ್ಮ ಬಾಗಿಲಿಗೆ ಹಾರಿದಳು.

"ಕೂಗಿದ್ರೆ ಹೋಗಿ ಅಮ್ಮಾ" ಎಂದ ಆಗೋಯ್ತಪ್ಪ, ಮೆತ್ತಗೆ.

ಅವಳು ನಿಂತಳು. ಬಿದ್ದದ್ದು ಸೋಪಿರಬೇಕು. ಒಳಗೆ ಅತ್ತೆ ಯಾರನ್ನೋ ಬೈಯುತ್ತಿದ್ದರು, ಬಹುಶಃ ಸೋಪನ್ನೇ. ಆಮೇಲೆ ಮತ್ತೆ ನೀರಿನ ಸದ್ದು, ಕೊಂಚ ಹೊತ್ತಿಗೆ ಅದೂ ನಿಂತಿತು. ಗೋಡೆ ಗಡಿಯಾರ ಅಷ್ಟು ನಿಧಾನ ನಡೆದದ್ದನ್ನು ಟೈಲರಮ್ಮ ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ಚಿಲಕ ತೆಗೆದ ಸದ್ದಾಯಿತು.

ತಲೆಗೆ ಟವೆಲ್ ಸುತ್ತಿಕೊಂಡು, ಕೆಂಪಗಾದ ಮುಖದಲ್ಲಿ ಅತ್ತೆ ಹೊರಗೆ ಬಂದರು. ಸೊಸೆ ಹೊಲಿದುಕೊಟ್ಟಿದ್ದ ಉದ್ದನೆಯ ಗೌನು ನೆಲ ಗುಡಿಸುವಂತಿತ್ತು, ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದಿದ್ದರು.

"ಕಂಬಿ ಸರಿಯಾಗಿ ಕೈಗೆ ಬಂತಪ್ಪಾ" ಎಂದರು ಕಂಟ್ರಾಕ್ಟರನಿಗೆ. "ಜಾಲರಿ ಪಕ್ಕದ ಟೈಲು ಮಾತ್ರ ಒಂದು ನೂಲೆಳೆಯಷ್ಟು ವಾರೆ."

"ಬಿಚ್ಚಿ ಹಾಕ್ತೀನಿ ಅಮ್ಮಾ."

"ಬೇಡ, ಇರ್ಲಿ. ನೋಡಿ ನಗೋಕೆ ಏನಾದ್ರೂ ಬೇಕು." ಅತ್ತೆ ಕುರ್ಚಿಯ ಮೇಲಿನ ಕೈಚೀಲಕ್ಕೆ ಕೈಹಾಕಿ ನಾಲ್ಕಾಗಿ ಮಡಿಚಿದ್ದ ಕಾಗದ ತೆಗೆದು ಸೊಸೆಗೆ ಕೊಟ್ಟರು. ಆಶ್ರಮದ ಅರ್ಜಿ. ಸಹಿಯ ಜಾಗ ಖಾಲಿಯಿತ್ತು. "ಹಿಂದುಗಡೆ ಏನೂ ಬರೆದಿಲ್ಲ ನೋಡು. ಬರ್ಕೋ."

"ಏನು ಅತ್ತೆ?"

"ಇದೆಂಥ ಸೊಸೆನಪ್ಪಾ! ಬಚ್ಚಲು ಕಟ್ಟೋನ ಹತ್ರ ನನ್ನ ಅಳತೆ ಇದೆ, ನಿನ್ನ ಹತ್ರ ಇಲ್ಲ. ತಗೋ, ಟೇಪು ತೆಗಿ" ಎಂದು ಅತ್ತೆ ಊರುಗೋಲನ್ನು ಮಗನ ಕೈಗೆ ಕೊಟ್ಟು, ಗೋಡೆಗೊರಗಿ, ಎರಡೂ ತೋಳು ಅಗಲಿಸಿ ನಿಂತರು.

ಟೈಲರಮ್ಮ ಕೊರಳಿನ ಟೇಪು ತೆಗೆದು ಅತ್ತೆಯ ಭುಜದ ಮೇಲಿಟ್ಟಳು. ಎಳೆಯಲಿಲ್ಲ, ಮೈಮೇಲೆ ಮಲಗಿಸಿಕೊಂಡು ಬಂದು, ಕೆಳಗೆ ಮಂಡಿಯೂರಿ ಕೂತು, ಒಣಗಿದ ನೆಲಕ್ಕೆ ತುದಿ ಮುಟ್ಟಿಸಿದಳು. ಬರೆದುಕೊಳ್ಳಲು ಪೆನ್ಸಿಲು ಹಿಡಿದಳು. ಆದರೆ ಕಣ್ಣು ತುಂಬಿಕೊಂಡು ಒಂದು ಅಂಕಿಯೂ ಕಾಣಿಸಲಿಲ್ಲ. ಆಗೋಯ್ತಪ್ಪನೇ ತನ್ನ ಉದ್ದನೆಯ ಮೈ ಬಗ್ಗಿಸಿ ಓದಿ ಹೇಳಬೇಕಾಯಿತು.